ಹಸನಬಿ ಆರಿಸಿದ ಕಾರ್ಡು

ಗಜೇಂದ್ರಗಡದಿಂದ ಹುಬ್ಬಳ್ಳಿಗೆ ಹೊರಟ ಮೊದಲ ಬಸ್ಸು ರೋಣ ದಾಟುವವರೆಗೂ ನಿಲೋಫರ ಬಾಯಿ ಬಿಡಲಿಲ್ಲ. ಪಕ್ಕದಲ್ಲಿ ತಾಯಿ ಹಸನಬಿ ಮಡಿಲ ಮೇಲಿನ ಚೀಲವನ್ನು ಎರಡೂ ಕೈಯಿಂದ ಅವುಚಿ ಹಿಡಿದು ಕುಳಿತಿದ್ದಳು. ಊರೂರು ತಿರುಗಿ ಬಳೆ ಮಾರುವವಳು; ಬುಟ್ಟಿಯನ್ನು ಜೋಪಾನ ಮಾಡುವ ಹಾಗೆಯೇ ಚೀಲವನ್ನೂ ಹಿಡಿದಿದ್ದಳು. ಅದರೊಳಗೆ ಹಳೆಯ ದುಪಟ್ಟಾದ ಗಂಟಿನಲ್ಲಿ ಇಪ್ಪತ್ತಾರು ಸಾವಿರ ರೂಪಾಯಿ ಇತ್ತು. ಬಸ್‌ಸ್ಟ್ಯಾಂಡಿನ ಮಾಳಿಗೆಯ ಮೇಲೆ ನಜೀರಸಾಬ ನಡೆಸುತ್ತಿದ್ದ ಕಂಪ್ಯೂಟರ್ ಕ್ಲಾಸಿನಲ್ಲಿ ನಿಲೋಫರ ಮೂರು ವರ್ಷ ಟೈಪಿಂಗ್ ಕಲಿಸಿ ಕೂಡಿಹಾಕಿದ ಹಣ ಅದು. ನಜೀರಸಾಬ ಕ್ಲಾಸು ಮುಚ್ಚಿ ಗದಗಿಗೆ ಹೋಗಿ ಎರಡು ತಿಂಗಳಾಗಿತ್ತು.

"ಮನಿಯೊಳಗ ಒಂದ ಕಂಪ್ಯೂಟರ್ ಇದ್ರ ಅರ್ಜಿ, ಲಗ್ನಪತ್ರಿಕಿ, ಕಾಲೇಜ ಹುಡುಗೂರ ಬರವಣಿಗಿ ಎಲ್ಲಾ ಟೈಪ್ ಮಾಡಿ ಕೊಡಬಹುದು" ಎಂದು ಅವಳು ತಾಯಿಗೆ ಹೇಳಿದ್ದಳು. ಅದು ಸುಳ್ಳಲ್ಲ. ಆದರೆ ಪರ್ಸಿನಲ್ಲಿ ಮಡಿಸಿಟ್ಟಿದ್ದ ಸಾಮಾನಿನ ಯಾದಿಯ ಕೊನೆಯ ಸಾಲನ್ನು ಅವಳು ಯಾರಿಗೂ ಓದಿ ಹೇಳಿರಲಿಲ್ಲ.

ಆ ಯಾದಿಗಾಗಿ ಎರಡು ತಿಂಗಳು ತಲೆ ಕೆಡಿಸಿಕೊಂಡಿದ್ದಳು. ಕಂಪನಿಯವರು ಜೋಡಿಸಿ ಮಾರುವ ಯಂತ್ರಕ್ಕೆ ಮೂವತ್ತೈದು ಸಾವಿರ ಕೇಳುತ್ತಿದ್ದರು, ಅಷ್ಟು ಕೊಟ್ಟರೂ ಅವಳಿಗೆ ಬೇಕಾದದ್ದು ಅದರೊಳಗೆ ಇರುತ್ತಿರಲಿಲ್ಲ. ಅದಕ್ಕೇ ಬಿಡಿ ಸಾಮಾನು ತಂದು ತಾನೇ ಜೋಡಿಸುವುದು ಎಂದು ನಿಶ್ಚಯಿಸಿದ್ದಳು. ಕ್ಲಾಸಿನ ಯಂತ್ರಗಳನ್ನು ಬಿಚ್ಚಿ ಧೂಳು ಹೊಡೆದು ಮತ್ತೆ ಮುಚ್ಚಿದ ರೂಢಿ ಇತ್ತು. ಹಳೆಯ ಪತ್ರಿಕೆಗಳನ್ನು ಓದಿ ಉಳಿದದ್ದನ್ನು ತಿಳಿದುಕೊಂಡಿದ್ದಳು. ತೆಳ್ಳಗಿನ ಮಾನಿಟರ್ ಬಿಟ್ಟು ಡುಬ್ಬ ಬೆನ್ನಿನ ಮಾನಿಟರ್ ಬರೆದಳು. ಪ್ರೊಸೆಸರಿನಲ್ಲಿ ಒಂದು ಮೆಟ್ಟಿಲು ಇಳಿದಳು. ಹಾರ್ಡ್ ಡಿಸ್ಕು ಅರ್ಧಕ್ಕೆ ತಂದಳು. ಹೀಗೆ ಒಂದೊಂದರಿಂದಲೂ ಚೂರು ಚೂರು ಕೆತ್ತಿ ಕೊನೆಯ ಸಾಲಿಗೆ ಐದು ಸಾವಿರದ ಮುನ್ನೂರು ಹೊಂದಿಸಿದ್ದಳು. ಆ ಸಾಲಿನಲ್ಲಿ ಇದ್ದದ್ದು ಗ್ರಾಫಿಕ್ಸ್ ಕಾರ್ಡು. ಟೈಪಿಂಗಿಗೆ ಅದರ ಅಗತ್ಯವಿಲ್ಲ. ಪರದೆಯ ಮೇಲೆ ಗಾಡಿ ಓಡಿಸುವ ಆಟ ಆಡಬೇಕಾದರೆ ಮಾತ್ರ ಅದು ಬೇಕು.

ಆಟ ಆಡಬೇಕಾದವನು ಅವಳ ತಂದೆ ಜಂಗ್ಲಿಸಾಬ.

ಜಂಗ್ಲಿಸಾಬ ಇಪ್ಪತ್ತಾರು ವರ್ಷ ಲಾರಿ ಓಡಿಸಿದವನು. ಎರಡು ವರ್ಷದ ಹಿಂದೆ, 2005ರಲ್ಲಿ, ಹತ್ತಿ ಹೇರಿಕೊಂಡು ಘಟ್ಟ ಇಳಿಯುವಾಗ ಲಾರಿ ತಿರುವಿನಲ್ಲಿ ಕಟ್ಟೆ ಒಡೆದು ಕೆಳಗೆ ಉರುಳಿತು. ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಹಿಂದೆ ಮಲಗಿದ್ದ ಕ್ಲೀನರ್ ಉಳಿದ, ಆದರೆ ಅವನಿಗೆ ಏನಾಯಿತೆಂದು ಗೊತ್ತಿರಲಿಲ್ಲ. ಬ್ರೇಕು ಹತ್ತಲಿಲ್ಲ ಎಂದು ಜಂಗ್ಲಿಸಾಬ ಹೇಳಿದ. ಡ್ರೈವರ್ ನಿದ್ದೆ ಹೊಡೆದ ಎಂದು ನರಗುಂದದ ಲಾರಿ ಮಾಲೀಕ ಫಕೀರಸಾಬ ಹೇಳಿದ. ಯಾರೂ ಪರೀಕ್ಷೆ ಮಾಡುವ ಮೊದಲೇ ಲಾರಿ ಗುಜರಿಗೆ ಹೋಯಿತು. ಊರಿನವರು ಮಾಲೀಕನ ಮಾತನ್ನೇ ನಂಬಿದರು. ಅಂದಿನಿಂದ ಜಂಗ್ಲಿಸಾಬ ಬಾಗಿಲ ಕಟ್ಟೆಯ ಮೇಲೆ ಕುಳಿತಿರುತ್ತಿದ್ದ. ಇಡೀ ದಿನದಲ್ಲಿ ನಾಲ್ಕು ಮಾತು ಆಡಿದರೆ ಹೆಚ್ಚು.

ಒಂದು ಭಾನುವಾರ ಅವನು ಊಗೋಲು ಊರಿಕೊಂಡು ಮಗಳ ಬುತ್ತಿ ಹಿಡಿದು ಕ್ಲಾಸಿನ ಮೆಟ್ಟಿಲು ಹತ್ತಿ ಬಂದಿದ್ದ. ಕ್ಲಾಸಿನಲ್ಲಿ ಬೇರೆ ಯಾರೂ ಇರಲಿಲ್ಲ. ನಿಲೋಫರ ಲಾರಿಯ ಆಟ ಹಚ್ಚಿ ಕುಳಿತಿದ್ದಳು. ಅವನು ಸ್ವಲ್ಪ ಹೊತ್ತು ನಿಂತು ನೋಡಿ, "ಸರಿ, ಆ ಕಡೆ" ಎಂದು ಅವಳನ್ನು ಎಬ್ಬಿಸಿ ತಾನೇ ಕುಳಿತ. ಕೀಲಿಮಣೆಯ ಬಾಣದ ಗುಂಡಿಗಳನ್ನು ಒತ್ತುತ್ತ ಒಂದೂವರೆ ತಾಸು ಸಪಾಟು ರಸ್ತೆಯಲ್ಲಿ ಓಡಿಸಿದ. "ಈ ಲೋಡಿಗೆ ಇಷ್ಟ ಜೋರ ಹೋಗಬಾರದು" ಎಂದ. "ಮುಂದಿನಾಂವಗ ದಾರಿ ಬಿಡೋಣು" ಎಂದ. ಎರಡು ವರ್ಷದಲ್ಲಿ ಅಷ್ಟು ಮಾತನ್ನು ಅವಳು ಅವನ ಬಾಯಿಂದ ಕೇಳಿರಲಿಲ್ಲ.

ಅದಾದ ಮೇಲೆಯೇ ಅವಳು ಯಾದಿ ಬರೆಯಲು ಕುಳಿತದ್ದು.

ಹುಬ್ಬಳ್ಳಿಯ ಅಂಗಡಿ ಒಂದು ಓಣಿಯ ಮೊದಲ ಮಹಡಿಯಲ್ಲಿತ್ತು. ಗಿರಾಕಿಗಳು ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು. ಮಾಲೀಕ ನಿಲೋಫರಳ ಯಾದಿಯನ್ನು ಕೌಂಟರಿನ ಮೇಲೆ ಹರಡಿಕೊಂಡು ಒಂದೊಂದೇ ಸಾಲಿಗೆ ಬೆಲೆ ಹಾಕುತ್ತ ಬಂದ. ಹಸನಬಿ ಪ್ರತಿ ಬೆಲೆಗೂ ನೂರು ಇನ್ನೂರು ಇಳಿಸಿದಳು. ಅವನು ನಕ್ಕ, ಗೊಣಗಿದ, ಇಳಿಸಿದ. ನಿಲೋಫರಳ ಕಣ್ಣು ಅವನ ಪೆನ್ನಿನ ಮೊನೆಯ ಮೇಲಿತ್ತು. ಅದು ಸಾಲು ಸಾಲು ಇಳಿಯುತ್ತ ಕೊನೆಗೆ ಬಂದು ನಿಂತಿತು.

"ಟೈಪಿಂಗ್ ಮಾಡಾಕ ಅಂದ್ರೆಲ್ಲಾ ತಂಗಿ? ಮತ್ತ ಈ ಕಾರ್ಡ್ ಯಾಕ?"

"ಇರಲಿ ಬಿಡ್ರಿ, ಬೆಲಿ ಹೇಳ್ರಿ" ಎಂದಳು ನಿಲೋಫರ.

"ಇದು ಗೇಮ್ ಆಡೋವ್ರ ಕಾರ್ಡು. ಸುಮ್ನ ಐದ ಸಾವಿರ ನೀರಾಗ ಹಾಕಿದಂಗ."

ಹಸನಬಿ ತಲೆ ಎತ್ತಿದಳು. "ಗೇಮ್ ಅಂದ್ರ ಏನ್ರಿ?"

"ಆಟ ಅಕ್ಕಾರ. ಗಾಡಿ ಓಡಸೂದು, ಬಂದೂಕ ಹೊಡಿಯೂದು."

ಹಸನಬಿ ಮಗಳ ಮುಖ ನೋಡಿದಳು. ಚೀಲ ಅವುಚಿಕೊಂಡು ಮೆಟ್ಟಿಲ ಕಡೆ ನಡೆದಳು. ನಿಲೋಫರ ಹಿಂದೆಯೇ ಹೋದಳು.

"ಯಾರ ಆಡಾಕ ಅದು?"

"ಅಬ್ಬಾಗ ಅಮ್ಮಾ. ಗಾಡಿ ಓಡಸೂ ಆಟ. ಕ್ಲಾಸಿನ್ಯಾಗ ಒಮ್ಮಿ ಆಡ್ಯಾರ. ಅವತ್ತ ಎಷ್ಟ ಮಾತಾಡಿದ್ರು ಗೊತ್ತೈತೇನ?"

ಹಸನಬಿ ಮೆಟ್ಟಿಲ ಕಂಬಿ ಹಿಡಿದುಕೊಂಡಳು. ಜನ ಹತ್ತಿ ಇಳಿಯುತ್ತಿದ್ದರು; ಅವಳ ದನಿ ಬಹಳ ತಗ್ಗಿತ್ತು. "ನಿನಗ ಗೊತ್ತಿಲ್ಲದ್ದು ಹೇಳತೀನಿ ಕೇಳ. ಮೊದಲ ಒಂದೂವರಿ ವರ್ಷ ನಿಮ್ಮಬ್ಬಾ ದಿನಾ ನಿದ್ದಿಯೊಳಗ ಚೀರಿ ಏಳತಿದ್ರು. ನಿನಗ ಕೇಳಬಾರದಂತ ನಾ ಅವರ ಬಾಯಿ ಮ್ಯಾಲ ಕೈ ಇಡತಿದ್ದೆ. ಅದು ನಿಂತು ಈಗ ಆರು ತಿಂಗಳಾತು. ಈಗ ಮತ್ತ ಅವರ ಕೈಯಾಗ ಗಾಡಿ ಕೊಡತೀಯೇನ?"

ಎರಡು ತಿಂಗಳು ಲೆಕ್ಕ ಹಾಕಿದವಳ ಯಾದಿಯಲ್ಲಿ ಇದು ಇರಲೇ ಇಲ್ಲ. ನಿಲೋಫರ ತಿರುಗಿ ಹೋಗಿ ಮಾಲೀಕನ ಪೆನ್ನು ತೆಗೆದುಕೊಂಡು ಕೊನೆಯ ಸಾಲನ್ನು ತಾನೇ ಹೊಡೆದು ಹಾಕಿದಳು.

"ಹಂಗಾದ್ರ ಬೋರ್ಡೂ ಬದಲ ಮಾಡ್ರಿ" ಎಂದ ಮಾಲೀಕ, ಮದರ್‌ಬೋರ್ಡಿನ ಬೇರೊಂದು ಡಬ್ಬಿ ಮುಂದಿಟ್ಟು. "ಇದು ಏಳನೂರು ಕಡಿಮಿ. ಕಾರ್ಡ್ ಕೂಡ್ರಸೂ ಜಾಗ ಇದರಾಗ ಇಲ್ಲ. ನಿಮಗ ಬೇಕಾಗೂದೂ ಇಲ್ಲ."

ಏಳುನೂರು ಎಂದ ಕೂಡಲೇ ಹಸನಬಿಯ ಕೈ ಆ ಡಬ್ಬಿಯ ಕಡೆ ಹೋಯಿತು.

"ಬ್ಯಾಡ್ರಿ" ಎಂದಳು ನಿಲೋಫರ. "ನಾ ಬರದದ್ದ ಕೊಡ್ರಿ."

"ಯಾಕ?" ಎಂದಳು ತಾಯಿ.

ಈ ಸಲ ಅವಳು ಮುಚ್ಚಿಡಲಿಲ್ಲ. "ಅದರಾಗ ಜಾಗ ಐತಿ ಅಮ್ಮಾ. ಖಾಲಿ ಇರಲಿ, ಆದ್ರ ಇರಲಿ."

ಹಸನಬಿ ಡಬ್ಬಿಯಿಂದ ಕೈ ಹಿಂದೆಗೆದಳು. ಹಿಂದೆ ನಿಂತ ಗಿರಾಕಿಯೊಬ್ಬ "ಲಗೂ ಮಾಡ್ರಿ" ಎಂದ. ಅವಳು ದುಪಟ್ಟಾದ ಗಂಟು ಬಿಚ್ಚಿ ಯಾದಿಯ ಬೋರ್ಡಿಗೇ ನೋಟು ಎಣಿಸಿದಳು. ಉಳಿದ ಐದು ಸಾವಿರ ಚಿಲ್ಲರೆಯನ್ನು ಮತ್ತೆ ಗಂಟು ಹಾಕಿ ಚೀಲದ ತಳಕ್ಕೆ ತುರುಕಿದಳು.

ಬಿಲ್ಲು ಕೊಡುವಾಗ ಮಾಲೀಕ ಎಚ್ಚರಿಸಿದ: "ನೀವ ಜೋಡಸತೀರಿ ಅಂದ್ರ ನಿಮ್ಮ ಜವಾಬ್ದಾರಿ. ಜೋಡಸೂ ಮುಂದ ಏನರ ಸುಟ್ರ ನಾವ ವಾಪಸ್ ತಗೊಳ್ಳೂದಿಲ್ಲ."

ಮರುದಿನ ಊರಿಗೆ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಮಾತ್ರ ಕರೆಂಟು. ನಿಲೋಫರ ಚಾಪೆಯ ಮೇಲೆ ರಟ್ಟು ಹಾಸಿ ಸಾಮಾನು ಹರಡಿದಳು. ಮೈಯಲ್ಲಿನ ವಿದ್ಯುತ್ತು ಇಳಿಯಲೆಂದು ಮತ್ತೆ ಮತ್ತೆ ಕಿಟಕಿಯ ಕಬ್ಬಿಣದ ಸರಳನ್ನು ಮುಟ್ಟಿ ಬರುತ್ತಿದ್ದಳು. ಪ್ರೊಸೆಸರಿನ ಹೊಟ್ಟೆಯಡಿಯ ನೂರಾರು ಸೂಜಿಗಳಲ್ಲಿ ಒಂದು ಬಾಗಿದರೂ ಮೂರು ಸಾವಿರದ ನಾಲ್ಕುನೂರು ಮಣ್ಣುಪಾಲು. ಉಸಿರು ಬಿಗಿಹಿಡಿದು ಅದನ್ನು ಇಳಿಸಿದಳು. ಫ್ಯಾನಿನ ಕೊಂಡಿ ಹಾಕುವಾಗ ಬೋರ್ಡು ಬಾಗಿ ಕಿರ್ರೆಂದಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹಸನಬಿ "ಯಾ ಅಲ್ಲಾ" ಎಂದಳು.

ಎರಡೂವರೆಗೆ ಎಲ್ಲ ಜೋಡಿಸಿ ಮುಗಿಯಿತು. ನಿಲೋಫರ ಗುಂಡಿ ಒತ್ತಿದಳು. ಒಳಗಿನ ಫ್ಯಾನುಗಳು ತಿರುಗಿದವು. ಪರದೆ ಕಪ್ಪಗೇ ಉಳಿಯಿತು.

ಬಂದ್ ಮಾಡಿ ರ್‍ಯಾಮ್ ತೆಗೆದು ಹಾಕಿದಳು. ಮಾನಿಟರಿನ ವೈರು ಬಿಗಿ ಮಾಡಿದಳು. ಮತ್ತೆ ಒತ್ತಿದಳು. ಫ್ಯಾನು ತಿರುಗುತ್ತಿತ್ತು, ಪರದೆ ಕಪ್ಪಗಿತ್ತು. ಮೂರು ಗಂಟೆಯಾಯಿತು, ಮೂರೂಕಾಲಾಯಿತು. ಕುತ್ತಿಗೆಯ ಬೆವರು ಬೋರ್ಡಿನ ಮೇಲೆ ಬಿದ್ದೀತೆಂದು ದುಪಟ್ಟಾದಿಂದ ಒರೆಸಿಕೊಂಡಳು.

"ಸುಟ್ಟೈತೇನ?" ಎಂದಳು ಹಸನಬಿ.

"ಗೊತ್ತಿಲ್ಲ ಅಮ್ಮಾ."

ಊಗೋಲಿನ ಸದ್ದು ಕೇಳಿಸಿತು. ಜಂಗ್ಲಿಸಾಬ ಕಟ್ಟೆಯಿಂದ ಎದ್ದು ಒಳಗೆ ಬಂದು, ಗೋಡೆ ಹಿಡಿದು ಮೆಲ್ಲಗೆ ಚಾಪೆಯ ಮೇಲೆ ಕುಳಿತ. ತೆರೆದ ಡಬ್ಬಿಯೊಳಗೆ ಬಗ್ಗಿ ನೋಡಿದ.

"ಕರೆಂಟ್ ಎಲ್ಲಿಂದ ಹುಟ್ಟತೈತಿ ಇದರಾಗ?"

ಅವಳು ಹಿಂದಿನ ಮೂಲೆಯ ಪವರ್ ಸಪ್ಲೈ ಡಬ್ಬಿ ತೋರಿಸಿದಳು.

"ಫ್ಯಾನ್ ತಿರಗತಾವು, ಗಾಡಿ ಏಳವಲ್ದು. ಹಂಗಂದ್ರ ಎಲ್ಲೋ ಒಂದ ಕಡೆ ಮುಟ್ಟಿಲ್ಲ. ಬಂದ್ ಮಾಡ, ನಾ ವೈರ್ ಹಿಡದ ನೋಡತೀನಿ" ಎಂದ. ಡಬ್ಬಿಯಿಂದ ಹೊರಟ ವೈರುಗಳನ್ನು ಒಂದೊಂದಾಗಿ ಬೆರಳಿನಿಂದ ಹಿಡಿದು ಕೊನೆಯವರೆಗೂ ಸವರುತ್ತ ಹೋದ. ಅವಸರ ಮಾಡಲಿಲ್ಲ. ರಸ್ತೆಯ ಬದಿಯಲ್ಲಿ ಕೆಟ್ಟು ನಿಂತ ಲಾರಿಯ ವೈರುಗಳನ್ನು ಎಷ್ಟೋ ಸಲ ಹಾಗೆ ಸವರಿದ ಕೈ. ಒಂದು ಡಿಸ್ಕಿಗೆ ಹೋಗಿತ್ತು, ಒಂದು ಬೋರ್ಡಿಗೆ. ಆರನೆಯದರ ತುದಿ ಡಿಸ್ಕಿನ ಹಿಂದೆ ಸಿಕ್ಕಿಕೊಂಡು ಜೋತಾಡುತ್ತಿತ್ತು. ಹಳದಿ ಮತ್ತು ಕಪ್ಪು ವೈರಿನ, ನಾಲ್ಕು ತೂತಿನ ಪುಟ್ಟ ಪ್ಲಗ್ಗು.

"ಇದು ಯಾರ ಮನಿಗೆ ಹೋಗಬೇಕು?"

ನಿಲೋಫರ ಬೋರ್ಡಿನ ಪುಸ್ತಕ ತಿರುವಿದಳು. ಪ್ರೊಸೆಸರಿಗೆ ಪ್ರತ್ಯೇಕ ವಿದ್ಯುತ್ತು. ಅದರ ಮನೆ ದೊಡ್ಡ ಫ್ಯಾನಿನ ಮರೆಯಲ್ಲಿ ಇತ್ತು. ಅವಳು ಅದನ್ನು ನೋಡಿಯೇ ಇರಲಿಲ್ಲ. ಪ್ಲಗ್ಗನ್ನು ಒತ್ತಿ ಕೂಡ್ರಿಸಿ ಗುಂಡಿ ಒತ್ತಿದಳು. "ಪೀಂ" ಎಂದು ಒಂದೇ ಸದ್ದು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಸಾಲಾಗಿ ಮೂಡಿದವು.

ಜಂಗ್ಲಿಸಾಬ ಊಗೋಲು ಎಳೆದುಕೊಂಡು ಎದ್ದ. ಬಾಗಿಲವರೆಗೆ ಹೋದವನು ತಿರುಗಿ ಇನ್ನೊಮ್ಮೆ ಪರದೆ ನೋಡಿದ.

ಆ ವಾರವೇ ಟೈಪಿಂಗ್ ಕೆಲಸ ಬಂತು. ಲಕ್ಕಲಕಟ್ಟಿಯ ಹೆಂಗಸರ ಸಂಘದ ಅರ್ಜಿ, ನೇಕಾರ ಓಣಿಯವರ ಲಗ್ನಪತ್ರಿಕೆ. ಹಸನಬಿಯ ಮುಖ ಸ್ವಲ್ಪ ಸಡಿಲವಾಯಿತು. ಕಾರ್ಡಿನ ಮಾತನ್ನು ತಾಯಿ ಮಗಳು ಇಬ್ಬರೂ ಎತ್ತಲಿಲ್ಲ.

ಒಂಬತ್ತನೆಯ ದಿನ ಹಸನಬಿ ಬಳೆ ಬುಟ್ಟಿ ಹೊತ್ತು ಶಿರೋಳಕ್ಕೆ ಹೋಗಿದ್ದಳು. ಜಂಗ್ಲಿಸಾಬ ಒಳಗೆ ಬಂದು ಮಗಳ ಹಿಂದೆ ನಿಂತ.

"ಆ ಲಾರಿ ಆಟ ಇದರಾಗಿಲ್ಲೇನ?"

ನಿಲೋಫರಳ ಕೈ ಕೀಲಿಮಣೆಯ ಮೇಲೆ ನಿಂತಿತು. ಸಿ.ಡಿ. ಇತ್ತು. ನಜೀರಸಾಬ ಕ್ಲಾಸು ಖಾಲಿ ಮಾಡುವಾಗ ಅವಳಿಗೇ ಬಿಟ್ಟುಹೋಗಿದ್ದ. ಇಲ್ಲ ಎಂದು ಹೇಳಿಬಿಡಬಹುದಿತ್ತು. ತಾಯಿ ಮೆಟ್ಟಿಲಲ್ಲಿ ಹೇಳಿದ ಮಾತು ಕಿವಿಯಲ್ಲಿತ್ತು. ಆದರೆ ತಂದೆ ತಾನಾಗಿ ಬಂದು ಒಂದು ವಸ್ತು ಕೇಳಿ ಎಷ್ಟು ಕಾಲವಾಯಿತು?

"ಐತ್ರಿ ಅಬ್ಬಾ. ಆದ್ರ ಇದರಾಗ ಸರಿ ಓಡೂದಿಲ್ಲ."

"ಓಡಿದಷ್ಟ ಓಡಲಿ."

ಚಿತ್ರದ ನಯವನ್ನೆಲ್ಲ ಕಡಿಮೆ ಮಾಡಿ ಅವಳು ಆಟ ಹಚ್ಚಿದಳು. ಸಪಾಟು ರಸ್ತೆಯಲ್ಲಿ ಲಾರಿ ಹೇಗೋ ಓಡಿತು. ಅರ್ಧ ತಾಸಿನ ಮೇಲೆ ರಸ್ತೆ ಘಟ್ಟ ಹಿಡಿಯಿತು. ಎರಡೂ ಬದಿಗೆ ಗಿಡಗಳು ತುಂಬಿಕೊಂಡವು, ಅಷ್ಟೂ ಗಿಡಗಳನ್ನು ಬರೆಯಲಾಗದೆ ಪರದೆ ತಡವರಿಸತೊಡಗಿತು. ಚಿತ್ರ ನಿಂತು, ಜಿಗಿದು, ಮತ್ತೆ ನಿಲ್ಲುತ್ತಿತ್ತು.

"ಸಾಕ್ರಿ ಅಬ್ಬಾ, ಬಂದ್ ಮಾಡೋಣು" ಎಂದಳು.

ಅವನಿಗೆ ಕೇಳಿಸಲಿಲ್ಲ. ಇಳಿಜಾರಿನ ತಿರುವು ಎದುರಾಯಿತು. ಅವನ ಬೆರಳು ಬ್ರೇಕಿನ ಗುಂಡಿಯನ್ನು ಒತ್ತಿತು. ಚಿತ್ರ ಹಾಗೇ ನಿಂತುಬಿಟ್ಟಿತು. ಮರುಕ್ಷಣ ಪರದೆಗೆ ಜೀವ ಬಂದಾಗ ಲಾರಿ ಕಟ್ಟೆ ದಾಟಿ ಗಾಳಿಯಲ್ಲಿತ್ತು.

ಬಾಗಿಲಲ್ಲಿ ಬಳೆಗಳು ಒಡೆದ ಸದ್ದಾಯಿತು. ಹಸನಬಿ ಬುಟ್ಟಿ ಕೈಬಿಟ್ಟು ಓಡಿ ಬಂದು ಗೋಡೆಯ ಪ್ಲಗ್ಗನ್ನು ಕಿತ್ತೆಳೆದಳು. ಆದರೆ ಯಂತ್ರಕ್ಕೆ ಯುಪಿಎಸ್ ಇತ್ತು. ಅದರ ಬ್ಯಾಟರಿ ಪರದೆಯನ್ನು ಆರಲು ಬಿಡಲಿಲ್ಲ. ಯುಪಿಎಸ್ ಕೂಗುತ್ತಿತ್ತು, ಪರದೆಯ ಮೇಲೆ ಲಾರಿ ಗಾಲಿ ಮೇಲೆ ಮಾಡಿ ಬಿದ್ದುಕೊಂಡೇ ಇತ್ತು. "ಆರಸ ಅದನ್ನ! ಆರಸ!" ಎಂದು ಹಸನಬಿ ಚೀರಿದಳು. ನಿಲೋಫರ ತಡಕಾಡಿ ಮಾನಿಟರಿನ ಗುಂಡಿ ಒತ್ತಿದಳು.

ಜಂಗ್ಲಿಸಾಬನ ಬೆರಳು ಇನ್ನೂ ಆ ಕೀಲಿಯನ್ನು ಒತ್ತಿಕೊಂಡೇ ಇತ್ತು. ಉಗುರು ಬೆಳ್ಳಗಾಗಿತ್ತು. ಅಂಗಿಯ ಬೆನ್ನು ತೊಯ್ದು ಅಂಟಿತ್ತು.

"ನಾ ಒತ್ತಿದ್ದೆ" ಎಂದ. "ನಿಲೋಫರ, ನೀ ಇಲ್ಲೇ ಇದ್ದಿ. ನೋಡಿದ್ಯಲ್ಲ? ನಾ ಒತ್ತಿದ್ನೋ ಇಲ್ಲೋ?"

"ಒತ್ತಿದ್ರಿ ಅಬ್ಬಾ. ತಿರುವು ಬರೂಕಿಂತ ಮೊದ್ಲ ಒತ್ತಿದ್ರಿ. ನಾ ಕಣ್ಣಾರೆ ನೋಡೀನಿ. ಯಂತ್ರ ಕೇಳಲಿಲ್ಲ."

"ಅವತ್ತೂ ಒತ್ತಿದ್ದೆ." ಅವನು ಹೆಂಡತಿಯ ಕಡೆ ತಿರುಗಿದ. "ಪೆಡಲ್ ಸೀದಾ ತಳಕ್ಕ ಹೋತು ಹಸನಾ, ಕೆಸರಾಗ ಕಾಲಿಟ್ಟಂಗ. ಎಚ್ಚರ ಇದ್ದೆ ನಾನು. ಖರೇನ ಎಚ್ಚರ ಇದ್ದೆ. ಆದ್ರ ಅಷ್ಟ ಮಂದಿ ನಿದ್ದಿ ಹೊಡದಾನ, ನಿದ್ದಿ ಹೊಡದಾನ ಅಂದ ಮ್ಯಾಲ ನನಗೂ ಅನಸಾಕ ಹತ್ತಿತು, ಕಣ್ಣ ಮುಚ್ಚಿದ್ದವೇನೋ ಅಂತ."

ಹಸನಬಿ ನೆಲಕ್ಕೆ ಕುಳಿತಳು. "ಅದಕ್ಕ ಬ್ಯಾಡಂದೆ ನಾನು. ಚೀರೂದು ನಿಂತು ಆರು ತಿಂಗಳಾಗಿತ್ತು. ಈಗ ಮತ್ತ..."

"ಚೀರೂದು ಹ್ಯಾಂಗ ನಿಂತಿತು ಗೊತ್ತೇನ ನಿನಗ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಮಲಗೂದ ಬಿಟ್ಟೀನಿ. ನಿನಗ ನಿದ್ದಿ ಹತ್ತಿದ ಮ್ಯಾಲ ಎದ್ದ ಗ್ವಾಡಿಗೆ ಆತು ಕೂಡ್ರತೀನಿ. ನಿದ್ದಿಗೇಡಿ ಡ್ರೈವರ್ ಅಂದ್ರಲ್ಲ, ಕಣ್ಣ ಮುಚ್ಚಾಕ ಅಂಜಿಕಿ ಬರತೈತಿ."

ಯುಪಿಎಸ್ ಕೂಗಿ ಕೂಗಿ ತಾನೇ ಸುಮ್ಮನಾಯಿತು. ಆಮೇಲೆ ಹಸನಬಿ ಎದ್ದು ಹೊಸ್ತಿಲಲ್ಲಿ ಚೆಲ್ಲಿದ ಬಳೆಚೂರುಗಳನ್ನು ಬರಿಗೈಯಿಂದಲೇ ಬಳಿಯತೊಡಗಿದಳು.

ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತ, ಮಗಳ ಮುಖ ನೋಡದೆ ಕೇಳಿದಳು: "ಒತ್ತಿದ್ರ ಅಲ್ಲೇ ಕೇಳೂ ಹಂತಾದ್ದು ಸಿಗತೈತೇನ ಅದು? ಆ ಕಾರ್ಡು?"

"ಸಿಗತೈತಿ. ಆದ್ರ ನೋಡಿ ಆರಸಬೇಕು."

"ಹಂಗಾದ್ರ ಮುಂಜಾನಿ ಬಸ್ಸಿಗೆ ಹೋಗೂಣು ನಡಿ. ಆ ಸಿ.ಡಿ.ನೂ ತಗೋ."

ಹುಬ್ಬಳ್ಳಿಯ ಮಾಲೀಕ ಅವರನ್ನು ಗುರುತು ಹಿಡಿದ. ನಿಲೋಫರ ಮೊದಲು ಬರೆದಿದ್ದ ಕಾರ್ಡಿನ ಜೊತೆಗೆ ಇನ್ನೊಂದು ಡಬ್ಬಿಯನ್ನೂ ಮುಂದಿಟ್ಟ. ಅದರ ಮೇಲೆ ಬೆಂಕಿ ಉಗುಳುವ ಪ್ರಾಣಿಯ ಹೊಳೆಯುವ ಚಿತ್ರವಿತ್ತು, ದೊಡ್ಡ ಅಂಕಿಯಲ್ಲಿ 512 ಎಂದಿತ್ತು. ಬೆಲೆಯೂ ಐದುನೂರು ಕಡಿಮೆ. ಇವಳು ಬರೆದದ್ದರ ಮೇಲೆ 256 ಎಂದಿತ್ತು.

"ಐದನೂರ ಹನ್ನೆರಡ ದೊಡ್ಡದೋ, ಎರಡನೂರ ಐವತ್ತಾರ ದೊಡ್ಡದೋ? ನೀವ ಹೇಳ್ರಿ ಅಕ್ಕಾರ" ಎಂದ.

ಆ ಅಂಕಿ ಬರೀ ಮೆಮೊರಿಯ ಅಳತೆ, ವೇಗದ್ದಲ್ಲ ಎಂದು ನಿಲೋಫರ ಓದಿದ್ದಳು. ಒಳಗಿನ ಚಿಪ್ ನಿಧಾನದ್ದಾದರೆ ಮೆಮೊರಿ ಎಷ್ಟಿದ್ದರೂ ಉಪಯೋಗವಿಲ್ಲ. ಆದರೆ ಓದಿದ್ದಷ್ಟೇ, ಕಂಡದ್ದಲ್ಲ. ತಪ್ಪಿದರೆ ಇನ್ನೊಂದು ಕೊಳ್ಳಲು ಹಣವಿಲ್ಲ. ತಪ್ಪಿದ ಕಾರ್ಡನ್ನು ಹಾಕಿದರೆ ತಂದೆಯನ್ನು ಮತ್ತೆ ಆ ತಿರುವಿಗೇ ಕಳಿಸಿದಂತೆ.

"ಎರಡೂ ಹಚ್ಚಿ ತೋರಸ್ರಿ" ಎಂದಳು ಹಸನಬಿ.

"ಹಂಗ ಆಗೂದಿಲ್ಲ ಅಕ್ಕಾರ. ಸೀಲ್ ಒಡದ್ರ ತಗೊಳ್ಳಾಕಬೇಕು."

"ನಾ ಬಳಿ ಮಾರಾಕಿ. ಕೈಗೆ ಏರಸದ ಒಬ್ಬಾಕಿನೂ ನನಗ ರೊಕ್ಕ ಕೊಡೂದಿಲ್ಲ. ಏರಸೂ ಮುಂದ ಒಡದ್ರ ಅದು ನನ್ನ ಲುಕ್ಸಾನ, ಆಕಿದಲ್ಲ. ನೀವು ನನಗಿಂತ ದೊಡ್ಡ ವ್ಯಾಪಾರಸ್ಥರು. ಐದ ಸಾವಿರ ಕೊಡಾಕ ನಿಂತೀನಿ, ಏರಸಾಕ ಅಂಜತೀರೇನ?"

ಸುತ್ತಲಿನ ಗಿರಾಕಿಗಳು ತಿರುಗಿ ನೋಡಿದರು. ಮಾಲೀಕ ಮುಖ ಕೆಂಪಗೆ ಮಾಡಿಕೊಂಡು, ಅಂಗಡಿಯ ಪರೀಕ್ಷೆ ಯಂತ್ರಕ್ಕೆ ಮೊದಲು 512 ಅನ್ನು ಹಾಕಿದ. ನಿಲೋಫರ ಸಿ.ಡಿ. ಹಾಕಿ ಲಾರಿಯನ್ನು ಘಟ್ಟದವರೆಗೆ ತಂದಳು. ಆ ತಿರುವು ಬರುವ ಮೊದಲು ಹಸನಬಿ ಮಗಳ ಕೈ ಸರಿಸಿದಳು.

"ಬ್ರೇಕ್ ಯಾವುದು?"

ತೋರಿಸಿದಳು. ತಾಯಿಯ ಬಳೆಗಳ ಕೈ ಮುಂದೆ ಬಂತು. ತಿರುವಿನ ಆಚೆ ಕಣಿವೆ ಕಂಡಾಗ ಅವಳ ಉಸಿರು ನಿಂತದ್ದು ನಿಲೋಫರಳಿಗೆ ತಿಳಿಯಿತು. ಗಂಡ ಬಿದ್ದ ಜಾಗವನ್ನು ಅವಳು ಕಂಡಿರಲೇ ಇಲ್ಲ. ಗುಂಡಿ ಒತ್ತಿದಳು. ಪರದೆ ಒಂದು ಕ್ಷಣ ಬಿಗಿದು ಆಮೇಲೆ ಬಿಟ್ಟಿತು. ಲಾರಿ ಕಟ್ಟೆಗೆ ತಾಗಿ ನಿಂತಿತು.

"ತಡಾ ಮಾಡತೈತಿ" ಎಂದಳು. "ಇನ್ನೊಂದು."

ಎರಡನೆಯ ಕಾರ್ಡು ಹಾಕಿದಾಗ ಗಿಡಗಳು ನೀರಿನಂತೆ ಹರಿದುಹೋದವು. ಹಸನಬಿ ಒತ್ತಿದಳು. ಒತ್ತಿದಲ್ಲಿಯೇ ಲಾರಿ ಮೂತಿ ತಗ್ಗಿಸಿ ನಿಂತಿತು. ಅವಳಿಗೆ ನಂಬಿಕೆ ಬರಲಿಲ್ಲ. ಮತ್ತೆ ಓಡಿಸು ಎಂದಳು. ಎರಡನೆಯ ಸಲ, ಮೂರನೆಯ ಸಲ. ನಾಲ್ಕನೆಯ ಸಲಕ್ಕೆ ಬೇಕೆಂದೇ ತಡವಾಗಿ ಒತ್ತಿದಳು. ಆಗಲೂ ಅದು ಕೇಳಿತು.

"ಇದ ಕೊಡ್ರಿ" ಎಂದು ಕೆನ್ನೆ ಒರೆಸಿಕೊಂಡಳು. ಅವಳು ಬೆಲೆ ಇಳಿಸಲು ಮರೆತ ವ್ಯಾಪಾರ ನಿಲೋಫರ ಕಂಡದ್ದು ಅದೊಂದೇ.

ಮನೆಯಲ್ಲಿ ಕಾರ್ಡು ಕೂಡ್ರಿಸಿದ ದಿನ ಜಂಗ್ಲಿಸಾಬ ಘಟ್ಟದ ತಲೆಯಲ್ಲಿ ಲಾರಿ ನಿಲ್ಲಿಸಿಬಿಟ್ಟ. ಕೆಳಗೆ ಇಳಿಸುವ ಧೈರ್ಯ ಬರಲಿಲ್ಲ. ಹಸನಬಿ ಬಂದು ಪಕ್ಕದ ಮಣೆಯ ಮೇಲೆ ಕುಳಿತಳು. "ನಾ ಒತ್ತಿ ನೋಡೀನಿ, ಕೇಳತೈತಿ" ಎಂದಳು. ಅವನು ಎರಡನೆಯ ಗೇರಿನಲ್ಲಿ, ಎತ್ತಿನ ಗಾಡಿಯ ವೇಗದಲ್ಲಿ ಇಳಿಸಿದ. ತಿರುವಿನಲ್ಲಿ ಒತ್ತಿದ. ನಿಂತಿತು. ಬಿಟ್ಟ, ಮತ್ತೆ ಒತ್ತಿದ. ನಿಂತಿತು. ಕರೆಂಟು ಹೋಗುವವರೆಗೂ ಅದೊಂದೇ ತಿರುವನ್ನು ಹತ್ತಾರು ಸಲ ಇಳಿಸಿದ.

ಹದಿನೈದು ದಿನ ಹೀಗೇ ನಡೆಯಿತು. ಒಂದು ಮಧ್ಯಾಹ್ನ ಆಟ ನಿಲ್ಲಿಸಿ, "ಫಕೀರಸಾಬಗ ಒಂದ ಕಾಗದ ಬರಕೋ" ಎಂದ. ನಿಲೋಫರ ಟೈಪ್ ಮಾಡಿದಳು. ಕಾಗದ ನಾಲ್ಕೇ ಸಾಲು. ಅಂದು ಘಟ್ಟದಲ್ಲಿ ನಾನು ಎಚ್ಚರವಿದ್ದೆ. ಬ್ರೇಕು ಒತ್ತಿದೆ. ಅದು ಹತ್ತಲಿಲ್ಲ. ಅದಕ್ಕೂ ಮೊದಲು ಎರಡು ಸಲ ಬ್ರೇಕು ನೋಡಿಸಿರಿ ಎಂದು ನಿಮಗೆ ಹೇಳಿದ್ದೆ. ಬಸ್‌ಸ್ಟ್ಯಾಂಡಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟು ತೆಗೆಸಿ ತಂದಾಗ ಅವನು ಕೆಳಗೆ ಸಹಿ ಹಾಕಿದ. ಮರುದಿನ ಮೂವರೂ ನರಗುಂದದ ಬಸ್ಸು ಹತ್ತಿದರು.

ಲಾರಿ ಮಾಲೀಕ ಫಕೀರಸಾಬ ತನ್ನ ಅಂಗಡಿಯ ಗಾದಿಯ ಮೇಲೆ ಕುಳಿತು ಕಾಗದ ಓದಿದ. ಎರಡನೆಯ ಸಲವೂ ಓದಿದ.

"ಎರಡ ವರ್ಷ ಆದ ಮ್ಯಾಲ ರೊಕ್ಕ ಕೇಳಾಕ ಬಂದೇನ ಜಂಗ್ಲಿ?"

"ರೊಕ್ಕ ಬ್ಯಾಡ್ರಿ. ನಿಮಗ ಗೊತ್ತಿದ್ದ ಮಾತ, ಬರದ ಕೊಟ್ಟೀನಿ ಅಷ್ಟ."

ಫಕೀರಸಾಬ ಕಾಗದವನ್ನು ತಿರುಗಿ ಕೊಡಲು ಕೈ ಚಾಚಿದ. ಜಂಗ್ಲಿಸಾಬ ತೆಗೆದುಕೊಳ್ಳಲಿಲ್ಲ. ಅಂಗಡಿಯಲ್ಲಿ ನಾಲ್ಕಾರು ಜನರಿದ್ದರು. ಅವರೆಲ್ಲ ನೋಡುತ್ತಿರುವಂತೆ ಫಕೀರಸಾಬನ ಕೈ ಸ್ವಲ್ಪ ಹೊತ್ತು ಗಾಳಿಯಲ್ಲೇ ಇದ್ದು ಮೆಲ್ಲಗೆ ಕೆಳಗಿಳಿಯಿತು. "ಕೂಡ್ರು, ಚಹಾ ಕುಡಿ" ಎಂದ, ತಲೆ ಎತ್ತದೆ. ಜಂಗ್ಲಿಸಾಬ ಕುಡಿಯಲಿಲ್ಲ. ಊಗೋಲು ಊರಿ ಹೊರಗೆ ಬಂದ.

ಮರಳುವ ಬಸ್ಸಿನಲ್ಲಿ ಕಿಟಕಿಯ ಬಿಸಿಲು ಅವನ ಮುಖದ ಮೇಲೆ ಬೀಳುತ್ತಿತ್ತು. ನರಗುಂದದ ಗುಡ್ಡ ಹಿಂದಾದ ಸ್ವಲ್ಪ ಹೊತ್ತಿಗೆ ಅವನ ತಲೆ ಹಸನಬಿಯ ಹೆಗಲಿಗೆ ಬಂತು. ಅವಳು ಬೆಚ್ಚಿ ನೋಡಿದಳು, ಮಗಳಿಗೆ ಸುಮ್ಮನಿರು ಎಂದು ಕಣ್ಣಲ್ಲೇ ಹೇಳಿದಳು. ಬಾಯಿ ತುಸು ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತ ಅವನು ಮಲಗಿಬಿಟ್ಟಿದ್ದ. ಅಲ್ಲಿಂದ ಮುಂದೆ ಅವಳು ಮೈ ಅಲುಗಿಸಲಿಲ್ಲ.

ರೋಣ ಬಂತು. ಗಜೇಂದ್ರಗಡಕ್ಕೆ ಅಲ್ಲಿ ಬಸ್ಸು ಬದಲಿಸಬೇಕು. ಎಲ್ಲರೂ ಇಳಿದರು.

"ಇಳೀರಿ ಅಕ್ಕಾರ, ಗಾಡಿ ಡಿಪೋಕ್ಕ ಹೋಗಬೇಕು" ಎಂದ ಕಂಡಕ್ಟರ್.

"ಹತ್ತು ನಿಮಿಷ ತಡೀರಿ, ನಿಮಗ ಪುಣ್ಯ ಬರತೈತಿ" ಎಂದಳು ಹಸನಬಿ ಪಿಸುದನಿಯಲ್ಲಿ. "ಇವರು ಭಾಳ ದಿನದ ಮ್ಯಾಲ ಮಲಗ್ಯಾರ."

ಕಂಡಕ್ಟರ್ ಮಲಗಿದವನನ್ನೂ ಪಕ್ಕದ ಊಗೋಲನ್ನೂ ನೋಡಿದ. ಡ್ರೈವರಿಗೆ ಏನೋ ಸನ್ನೆ ಮಾಡಿ ಚಹಾ ಕುಡಿಯಲು ಕೆಳಗಿಳಿದ. ನಿಲೋಫರ ಎದ್ದು ತಂದೆಯ ಮುಖಕ್ಕೆ ಬೀಳುತ್ತಿದ್ದ ಬಿಸಿಲಿಗೆ ಅಡ್ಡಲಾಗಿ ನಿಂತಳು.